ನಾಲೆಗೆ ಇಳಿಯುವುದು ಸುಲಭ, ಹತ್ತಲು ಒಂದು ಮೆಟ್ಟಿಲು ಕೊಡಿ

ಮಾನ್ಯ ಸಂಪಾದಕರೇ,

ಹೋದ ಶನಿವಾರ, ಭಾನುವಾರ ತುಂಗಭದ್ರಾ ಎಡದಂಡೆ ನಾಲೆಯ ಮೇಲೆ ಗಾಳ ಹಾಕಲು ಹೋಗಿದ್ದೆ. ಶನಿವಾರ ಮೀನು ಸಿಕ್ಕಿತು. ಭಾನುವಾರ ನಾನೇ ಸಿಕ್ಕಿಬಿದ್ದೆ. ಎರಡನ್ನೂ ಬರೆಯುತ್ತೇನೆ. ಬರೀ ಭಾನುವಾರದ್ದು ಬರೆದರೆ ‘ಅಲ್ಲಿಗೆ ಹೋಗಿದ್ದಾದರೂ ಯಾಕೆ’ ಅಂತ ನೀವು ಕೇಳುತ್ತೀರಿ. ಬರೀ ಶನಿವಾರದ್ದು ಬರೆದರೆ ಅದು ಪತ್ರಿಕೆಗೆ ಹಾಕುವ ವಿಷಯವೇ ಅಲ್ಲ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ವಯಸ್ಸು ಐವತ್ತು ದಾಟಿದೆ. ಗಾಳದ ಹುಚ್ಚು ಹತ್ತನೇ ವಯಸ್ಸಿನದು. ಮನೆಯಲ್ಲಿ ಶ್ರಾವಣಕ್ಕೆ ಮೀನು ಬಂದ್, ಆಮೇಲೆ ಗಣೇಶ, ಅದಾದ ಮೇಲೆ ಮಹಾನವಮಿ. ಇವೆಲ್ಲ ಮುಗಿಯುವ ಹೊತ್ತಿಗೆ ನನ್ನ ಗಾಳದ ಕೋಲಿಗೆ ಜೇಡ ಬಲೆ ಕಟ್ಟಿರುತ್ತದೆ. ಈ ಸಲ ಹಬ್ಬ ಮುಗಿದ ಮೊದಲ ಶನಿವಾರವೇ ಮಿಲ್ಲಿಗೆ ಅರ್ಧ ದಿನ ರಜೆ ಹಾಕಿ, ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಾರಟಗಿ ಕಡೆ ಹೊರಟೆ. ಭತ್ತ ತೆನೆ ತುಂಬುವ ಹೊತ್ತು. ನಾಲೆಯ ಎರಡೂ ಕಡೆ ಹಸಿರು ಬಿಟ್ಟರೆ ಬೇರೆ ಬಣ್ಣವಿಲ್ಲ. ಜಾಗ ಯಾವುದು ಅಂತ ಬರೆಯುವುದಿಲ್ಲ. ಒಂದು ಸೇತುವೆ, ಅದರ ಕೆಳಗೆ ಸ್ವಲ್ಪ ದೂರದಲ್ಲಿ ಒಂದು ತೂಬು, ಅಷ್ಟು ಸಾಕು. ಗಾಳ ಹಾಕುವವರಿಗೆ ಯಾಕೆ ಹೇಳುವುದಿಲ್ಲ ಅಂತ ಗೊತ್ತಿರುತ್ತದೆ.

ಹೊರಗಿನ ಓದುಗರಿಗೆ ಈ ನಾಲೆ ಎಂಥದ್ದು ಅಂತ ಒಂದು ಮಾತು. ಮುನಿರಾಬಾದಿನಲ್ಲಿ ಡ್ಯಾಂ ಹತ್ತಿರ ಹುಟ್ಟಿ, ಕೊಪ್ಪಳ ಜಿಲ್ಲೆ ದಾಟಿ ರಾಯಚೂರು ಜಿಲ್ಲೆಯ ಒಳಗೆ ಹೋಗಿ ಮುಗಿಯುತ್ತದೆ. ಉದ್ದ ಸುಮಾರು 227 ಕಿಲೋಮೀಟರ್. ಆರು ಲಕ್ಷ ಎಕರೆ ಇದನ್ನೇ ನಂಬಿಕೊಂಡಿದೆ. ಪೇಪರಿನಲ್ಲಿ ‘ಎಡದಂಡೆ ನಾಲೆಗೆ 4,100 ಕ್ಯೂಸೆಕ್’ ಅಂತ ಬರುತ್ತದಲ್ಲ, ಅದನ್ನು ಒಮ್ಮೆ ಕೂತು ಲೆಕ್ಕ ಹಾಕಿದ್ದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಮುನಿರಾಬಾದಿನಲ್ಲಿ ನಾಲೆಯ ಬಾಯಿಗೆ ಸೆಕೆಂಡಿಗೆ ಹತ್ತಿರ ಹತ್ತಿರ 1 ಲಕ್ಷ 16 ಸಾವಿರ ಲೀಟರ್. ನಮ್ಮ ಕಡೆ ಬರುವಷ್ಟರಲ್ಲಿ ಉಪಕಾಲುವೆಗಳಿಗೆ ಹಂಚಿಹೋಗಿ ಕಡಿಮೆಯಾಗಿರುತ್ತದೆ. ಆದರೂ ದಂಡೆಯ ಮೇಲೆ ಕೂತು ನೋಡಿದರೆ ಆ ನೀರು ಸುಮ್ನೆ ಹೋಗುತ್ತಿದೆ ಅನಿಸುತ್ತದೆ. ಸದ್ದಿಲ್ಲ, ನೊರೆಯಿಲ್ಲ. ಅದೇ ಮೋಸ.

ನಮ್ಮ ಹುಡುಗ ಎಂಟನೇ ಕ್ಲಾಸು. ಮೊಬೈಲಿನಲ್ಲಿ ಇಂಗ್ಲೆಂಡಿನವರು ಕೆನಾಲಿನಲ್ಲಿ ಮೀನು ಹಿಡಿಯುವ ವಿಡಿಯೋಗಳನ್ನು ರಾತ್ರಿಯೆಲ್ಲ ನೋಡುತ್ತಾನೆ. ಅಲ್ಲಿ ಅದಕ್ಕೆ ‘ಕೋರ್ಸ್ ಫಿಶಿಂಗ್’ ಅನ್ನುತ್ತಾರಂತೆ. ಕೋರ್ಸ್ ಅಂದರೆ ಒರಟು. ಸಾಲ್ಮನ್, ಟ್ರೌಟ್ ಅನ್ನುವ ದೊಡ್ಡ ಮನೆತನದ ಮೀನುಗಳನ್ನು ಬಿಟ್ಟು, ರೋಚ್, ಬ್ರೀಮ್, ಪರ್ಚ್, ಗೆಂಡೆ ಅಂತ ಉಳಿದ ಸಿಹಿನೀರಿನ ಬಡಪಾಯಿ ಮೀನುಗಳನ್ನು ಹಿಡಿಯುವುದಕ್ಕೆ ಆ ಹೆಸರು. ಗಾಳ ಹಾಕಲು 13 ವರ್ಷ ಆದವರೆಲ್ಲ ಲೈಸೆನ್ಸ್ ತೆಗೆದುಕೊಳ್ಳಬೇಕು. ಹಿಡಿದ ಮೀನನ್ನು ತೂಕ ಮಾಡಿ, ಫೋಟೋ ತೆಗೆದು, ತಿರುಗಿ ನೀರಿಗೇ ಬಿಡುತ್ತಾರೆ. ಇದನ್ನು ಕೇಳಿ ನಮ್ಮ ಅವ್ವ, ‘ಬಿಡೋದಾದ್ರ ಹಿಡಿಯೋದ್ಯಾಕ? ಅದಕ್ಕೂ ಕೆಲಸ ಇರತಾವ, ಇವರಿಗೂ ಇರತಾವ’ ಅಂದಳು. ನನಗೂ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಹುಡುಗ ಆ ವಿಡಿಯೋ ನೋಡಿ ಕಲಿತ ಹಾಗೆ ಬಣ್ಣದ ಸಣ್ಣ ಬೆಂಡು ಕಟ್ಟಿ, ಅದಕ್ಕೆ ಸಾಸಿವೆ ಕಾಳಿನಷ್ಟು ಸೀಸ ಹಾಕಿ ಎಸೆದ. ಎಸೆದ ಅರ್ಧ ನಿಮಿಷಕ್ಕೆ ಬೆಂಡು ಸೇತುವೆ ದಾಟಿ ಹೋಗಿತ್ತು. ಮತ್ತೆ ಎಸೆದ, ಮತ್ತೆ ಹೋಯಿತು. ಹತ್ತು ಸಲ ಆದ ಮೇಲೆ ನನ್ನ ಕಡೆ ನೋಡಿದ. ಅವನ ತಪ್ಪಲ್ಲ. ಅವರ ಕೆನಾಲು ದೋಣಿ ಓಡಾಡಲಿ ಅಂತ ತೋಡಿದ್ದು. ನೀರು ಕೆರೆಯ ಹಾಗೆ ನಿಂತಿರುತ್ತದೆ, ಬೆಂಡು ಇಟ್ಟಲ್ಲೇ ಇರುತ್ತದೆ. ನಮ್ಮದು ಭತ್ತಕ್ಕೆ ತೋಡಿದ್ದು. ಇಲ್ಲಿ ನೀರಿಗೆ ಸಿಂಧನೂರು ಮುಟ್ಟುವ ಅವಸರ. ಇಲ್ಲಿ ಬೆಂಡು ನಡೆಯುವುದಿಲ್ಲ. ಉಗುರಿನಷ್ಟು ಸೀಸ ಕಟ್ಟಿ ತಳಕ್ಕೆ ಕೂರಿಸಬೇಕು, ದಾರವನ್ನು ಬೆರಳಿಗೆ ಸುತ್ತಿಕೊಂಡು ಬೆರಳಿನಲ್ಲೇ ಕೇಳಿಸಿಕೊಳ್ಳಬೇಕು. ಪಕ್ಕೆ ಅನ್ನುವ ಸಣ್ಣ ಮೀನು ಬಂದರೆ ಇರುವೆ ಕಚ್ಚಿದ ಹಾಗೆ ಟಿಕ್ ಟಿಕ್ ಅನ್ನುತ್ತದೆ. ಜಿಲೇಬಿ, ಅಂದರೆ ತಿಲಾಪಿಯಾ ಮೀನು, ಬಂದರೆ ಒಂದೇ ಎಳೆತ. ಗೆಂಡೆ ಮಾತ್ರ ದೊಡ್ಡ ಮನುಷ್ಯ. ಮೊದಲು ಉಂಡೆಯ ಪಕ್ಕ ಬಂದು ನಿಲ್ಲುತ್ತದೆ, ತುಟಿ ಹಚ್ಚುತ್ತದೆ, ಬಿಡುತ್ತದೆ, ಮತ್ತೆ ಹಚ್ಚುತ್ತದೆ. ನೀವು ಬೀಡಿ ಹಚ್ಚಲು ದಾರ ಬಿಟ್ಟ ಕ್ಷಣಕ್ಕೆ ಎಳೆದುಕೊಂಡು ಹೋಗುತ್ತದೆ.

ಶನಿವಾರ ಎರಡೂವರೆ ಗಂಟೆ ಏನೂ ಇಲ್ಲ. ಎರೆಹುಳು ಹಾಕಿದರೆ ಗಿರ್ಲು ಮೀನಿನ ಮರಿಗಳು ಬಂದು ತಿಂದು ಹೋಗುತ್ತಿದ್ದವು. ಅದರಲ್ಲೊಂದು ಸಿಕ್ಕಿ, ಬಿಡಿಸುವಾಗ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಗಿರ್ಲಿನ ಮುಳ್ಳು ಚುಚ್ಚಿಸಿಕೊಂಡವರಿಗೇ ಗೊತ್ತು ಆ ಉರಿ, ಒಂದು ತಾಸು ಬಿಡುವುದಿಲ್ಲ. ಆಮೇಲೆ ಉಂಡೆಗೆ ಬದಲಾಯಿಸಿದೆ. ನನ್ನ ಉಂಡೆ ಅಂದರೆ ಶೇಂಗಾ ಹಿಂಡಿ, ನಮ್ಮ ಮಿಲ್ಲಿನ ತೌಡು, ಸ್ವಲ್ಪ ಮೈದಾ, ಹಿಡಿಯಷ್ಟು ಹಿಂದಿನ ದಿನದ ಅನ್ನ. ಕಲಸುವ ಹದ ಒಂದೇ. ನೀರಿನಲ್ಲಿ ಐದು ನಿಮಿಷ ನಿಲ್ಲಬೇಕು, ಆರನೇ ನಿಮಿಷಕ್ಕೆ ಕರಗಬೇಕು. ಸೂರ್ಯ ಸ್ವಲ್ಪ ವಾಲಿದ್ದೇ ತಡ, ಜಿಲೇಬಿಗಳು ಶುರುವಾದವು. ಕತ್ತಲಾಗುವಷ್ಟರಲ್ಲಿ ಹನ್ನೊಂದು ಜಿಲೇಬಿ, ಏಳೆಂಟು ಪಕ್ಕೆ, ಒಂದು ಗೆಂಡೆ. ಗೆಂಡೆ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಹುಡುಗ ಫೋಟೋದಲ್ಲಿ ಕೈ ಮುಂದೆ ಚಾಚಿ ಹಿಡಿದಿದ್ದರಿಂದ ಎರಡು ಕೆಜಿ ಕಾಣುತ್ತಿತ್ತು. ಇದೂ ಆ ವಿಡಿಯೋಗಳಲ್ಲಿ ಕಲಿತದ್ದೇ.

ಜಿಲೇಬಿಯ ಬಗ್ಗೆ ಜನ ಸುಮ್ನೆ ಮೂಗು ಮುರಿಯುತ್ತಾರೆ. ಹೊರಗಿನ ಮೀನು, ಎಲ್ಲ ಕಡೆ ಹಬ್ಬಿ ನಮ್ಮ ಮೀನುಗಳ ಜಾಗ ತಿಂದಿದೆ ಅನ್ನುತ್ತಾರೆ. ನಿಜವೇ. ಆಫ್ರಿಕಾದ ಮೀನು ಅದು, ನಮ್ಮ ದೇಶಕ್ಕೆ ತಂದಿದ್ದು 1952ರಲ್ಲಿ. ನಮ್ಮ ಡ್ಯಾಂ ಮುಗಿದಿದ್ದು 1953ರಲ್ಲಿ. ಅಂದರೆ ಜಿಲೇಬಿಗೂ ನಮ್ಮ ನೀರಾವರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವ ತಾಯಿ ಅದು. ಹಾಗಿರುವಾಗ ಹಬ್ಬದೇ ಇರುತ್ತದಾ? ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಹಾಕಿ ಸಾರು ಮಾಡಿದರೆ ಅದು ಯಾವ ದೇಶದ್ದು ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಹೇಳದೆ ಇರಲಾರೆ. ಕತ್ತಲಾಗುವ ಮುಂಚೆ ಕೊನೆಯ ಎಸೆತಕ್ಕೆ ಏನೋ ಬಂತು. ಎಳೆಯಲಿಲ್ಲ, ಸುಮ್ನೆ ನಡೆದುಕೊಂಡು ಹೋಯಿತು, ಎಮ್ಮೆ ಹೋದ ಹಾಗೆ. ರೀಲು ಕಿರ್ ಅಂದಿತು. ಬಾಳೆ ಮೀನಾ, ದೊಡ್ಡ ಕೊರವನಾ ಗೊತ್ತಿಲ್ಲ. ನಾವು ಕೊರವ ಅನ್ನುವುದನ್ನು ಕ್ಯಾಂಪಿನವರು, ಅಂದರೆ ಆಂಧ್ರದಿಂದ ಬಂದು ಇಲ್ಲಿ ನೆಲೆಸಿದ ರೈತರು, ಕೊರ್ರಮೀನು ಅನ್ನುತ್ತಾರೆ, ಎರಡು ಹೆಸರಿದ್ದರೂ ಅದು ಯಾರ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಇಪ್ಪತ್ತು ಮಾರು ದಾರ ತೆಗೆದುಕೊಂಡು ಹೋಗಿ, ಸೇತುವೆಯ ಕಂಬ ಸುತ್ತಿ, ಟಪ್ ಅಂತ ಹರಿಯಿತು. ಹುಡುಗ ‘ಮಾಮಾ, ನಾಳೆ ಮತ್ತೆ ಬರೋಣ’ ಅಂದ. ನಾನು ಅದನ್ನೇ ಕಾಯುತ್ತಿದ್ದೆ. ರಾತ್ರಿ ಸಾರು ಬಿಸಿ ಮಾಡಿದಷ್ಟೂ ರುಚಿ ಹೆಚ್ಚಿತು. ನಾನು ಮಾತ್ರ ಅರ್ಧ ರಾತ್ರಿ ಆ ನಡಿಗೆಯನ್ನೇ ನೆನೆಯುತ್ತಾ ಮಲಗಿದ್ದೆ.

ಭಾನುವಾರ ಬೆಳಿಗ್ಗೆ ಆರಕ್ಕೇ ಹೋದೆವು. ದಾರಿಯಲ್ಲಿ ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡೆವು. ಹೋಗಿ ನೋಡಿದರೆ ನಾಲೆಯ ನೀರು ಒಂದು ಗೇಣಿಗಿಂತ ಜಾಸ್ತಿ ಏರಿತ್ತು. ಮೇಲೆ ಎಲ್ಲೋ ಉಪಕಾಲುವೆ ಬಂದ್ ಮಾಡಿರಬೇಕು. ನೀರಿನ ಬಣ್ಣ ಬದಲಾಗಿತ್ತು, ಕಸ, ಹುಲ್ಲು, ಪ್ಲಾಸ್ಟಿಕ್ ಚೀಲ ತೇಲಿ ಬರುತ್ತಿದ್ದವು. ಎಸೆದ ಪ್ರತಿ ಗಾಳಕ್ಕೂ ಒಂದು ಕಂತೆ ಹುಲ್ಲು. ಹತ್ತು ಗಂಟೆಗೆ ಎರಡು ಪಕ್ಕೆ, ಅಷ್ಟೇ. ಆ ಹೊತ್ತಿಗೆ ಗಾಳ ಕೆಳಗೆ ಕಾಂಕ್ರೀಟಿನ ಸೀಳಿಗೆ ಸಿಕ್ಕಿತು. ಹರಿದು ಬಿಡಬಹುದಿತ್ತು. ಒಂದು ಗಾಳ, ಒಂದು ಸೀಸ, ಎಲ್ಲ ಸೇರಿ ಹತ್ತಿಪ್ಪತ್ತು ರೂಪಾಯಿ. ಆದರೆ ಲೆಕ್ಕ ಬರೆಯುವವನ ಬುದ್ಧಿ ನೋಡಿ, ಬಿಡಿಸಲು ಹೋದೆ.

ಶನಿವಾರ ನಾನು ನಿಂತ ಜಾಗದಲ್ಲೇ ಕಾಲಿಟ್ಟೆ. ಹಿಂದಿನ ದಿನ ಅದು ಒಣಗಿತ್ತು, ಬಿಸಿಲಿಗೆ ಪಾಚಿ ಕರ್ರಗೆ ಹಪ್ಪಳದ ಹಾಗೆ ಎದ್ದಿತ್ತು. ರಾತ್ರಿ ನೀರು ಏರಿ ಅದೇ ಪಾಚಿಗೆ ಮತ್ತೆ ಜೀವ ಬಂದಿತ್ತು. ಕಾಲಿಟ್ಟಿದ್ದಷ್ಟೇ ಗೊತ್ತು. ಜಾರುಬಂಡೆಯಲ್ಲಿ ಮಕ್ಕಳು ಜಾರುವ ಹಾಗೆ ಕೂತ ಭಂಗಿಯಲ್ಲೇ ನೀರಿಗೆ ಹೋದೆ.

ನನಗೆ ಈಜು ಬರುತ್ತದೆ ಸಾರ್. ಆನೆಗೊಂದಿ ಹತ್ತಿರದ ಹೊಳೆಯಲ್ಲಿ ಕಲಿತವನು. ಮುಳುಗುವ ಭಯ ಮೊದಲು ಬರಲೇ ಇಲ್ಲ. ಎರಡು ಕೈ ಬೀಸಿ ದಂಡೆ ಮುಟ್ಟಿದೆ. ಮುಟ್ಟಿದೆ, ಆದರೆ ಹಿಡಿಯಲು ಏನೂ ಇಲ್ಲ. ಅಂಗೈ ಊರಿದರೆ ಜಾರುತ್ತದೆ. ಮೊಣಕಾಲು ಊರಿದರೆ ಜಾರುತ್ತದೆ. ಸ್ವಲ್ಪ ಮೇಲೆ ಬಂದೆ ಅನ್ನುವಷ್ಟರಲ್ಲಿ ಹಿಂದಿನಿಂದ ನೀರು ಕಾಲನ್ನು ಪಕ್ಕಕ್ಕೆ ಎಳೆಯುತ್ತದೆ. ಒಣ ಕಾಂಕ್ರೀಟು ನನ್ನಿಂದ ಎರಡು ಮೊಳ ದೂರ, ಕಣ್ಣ ಮುಂದೆಯೇ ಇತ್ತು. ಆ ಎರಡು ಮೊಳ ದಾಟಲು ಆಗುತ್ತಿಲ್ಲ. ಹುಡುಗ ದಂಡೆಯ ಮೇಲೆ ನನ್ನ ಜೊತೆಜೊತೆಗೇ ಓಡುತ್ತಾ ‘ಮಾಮಾ ಮಾಮಾ’ ಅನ್ನುತ್ತಿದ್ದ. ನಾನು ‘ಕೆಳಗೆ ಇಳೀಬೇಡ’ ಅಂತ ಕೂಗುತ್ತಿದ್ದೆ. ನನ್ನ ಹೆದರಿಕೆ ಶುರುವಾಗಿದ್ದು ಅಲ್ಲಿಂದ. ಇವನು ನನ್ನನ್ನು ಎಳೆಯಲು ಬಂದರೆ ಇಬ್ಬರೂ ಹೋಗುತ್ತೇವೆ. ಪೇಪರಿನಲ್ಲಿ ಓದುವ ಸುದ್ದಿ ಹಾಗೆಯೇ ಇರುತ್ತದಲ್ವಾ, ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು. ಮುಂದೆ ತೂಬು ಬೇರೆ ಕಾಣುತ್ತಿತ್ತು.

ಉಳಿಸಿದ್ದು ಒಬ್ಬ ಕುರಿ ಕಾಯುವ ಹಿರಿಯರು. ದಂಡೆಯ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದವರು ಓಡಿ ಬಂದು, ಹೆಗಲ ಮೇಲಿದ್ದ ಕಂಬಳಿ ತೆಗೆದು, ಅದರ ಒಂದು ತುದಿ ತಾವು ಸುತ್ತಿಕೊಂಡು, ಒಣ ಜಾಗದಲ್ಲಿ ಮಕಾಡೆ ಮಲಗಿ ಇನ್ನೊಂದು ತುದಿ ಬೀಸಿದರು. ಹುಡುಗನಿಗೆ ತಮ್ಮ ಕಾಲು ಹಿಡಿದು ಕೂರಲು ಹೇಳಿದರು. ‘ಕಾಲು ಬಡಿಬ್ಯಾಡ್ರಿ. ಗಟ್ಟಿ ಹಿಡಕೊಂಡು ಸುಮ್ನ ಬಿದ್ಕೋರಿ’ ಅಂದರು. ಸೀರೆ, ಪಂಚೆ ಆಗಿದ್ದರೆ ಒದ್ದೆ ಕೈಗೆ ಜಾರುತ್ತಿತ್ತೇನೋ. ಕಂಬಳಿಯ ಒರಟು ಉಣ್ಣೆ ಜಾರಲಿಲ್ಲ. ಒಂದೊಂದು ಗೇಣಾಗಿ ಎಳೆದು ಮೇಲೆ ಹಾಕಿಕೊಂಡರು. ನನ್ನ ತೂಕ 78 ಕೆಜಿ. ಅವರು ಐವತ್ತೂ ಇರಲಿಕ್ಕಿಲ್ಲ.

ನಾನು ಕೂತು ಕೆಮ್ಮುತ್ತಿದ್ದರೆ ಅವರು ಕಂಬಳಿ ಹಿಂಡುತ್ತಾ, ಹೋದ ವರ್ಷ ತಮ್ಮ ಎರಡು ಕುರಿ ಇಲ್ಲೇ ನೀರು ಕುಡಿಯಲು ಇಳಿದು ಹೋದವು ಅಂದರು. ‘ಇಳಿಯೋದು ಇಳಿತಾವ್ರಿ. ಹತ್ತಾಕ ಬರಂಗಿಲ್ಲ ಅವಕ್ಕ.’ ದುಡ್ಡು ಕೊಡಲು ಹೋದರೆ ಬೈದರು. ಮೀನಾದರೂ ತಗೊಳ್ಳಿ ಅಂದೆ. ಚೀಲ ತೆಗೆದು ನೋಡಿದರು, ಎರಡೇ ಎರಡು ಪಕ್ಕೆ. ನಕ್ಕು, ‘ನೀವೇ ಇಟ್ಕೋರಿ’ ಅಂತ ಕುರಿಗಳ ಹಿಂದೆ ಹೋದರು.

ನಾನು ಚಿಕ್ಕವನಿದ್ದಾಗ ನಾವು ಗಾಳ ಹಾಕುತ್ತಿದ್ದ ಕಡೆ ನಾಲೆಯ ದಂಡೆ ಮಣ್ಣಿನದು. ಬಿದ್ದರೆ ಹಿಡಿಯಲು ಹುಲ್ಲಿತ್ತು, ಬೇರಿತ್ತು, ಏನೂ ಇಲ್ಲದಿದ್ದರೆ ಬಳ್ಳಾರಿ ಜಾಲಿಯ ಮುಳ್ಳಿನ ಕೊಂಬೆಯಾದರೂ ಇತ್ತು. ಕೈ ಹರಿದರೂ ಜೀವ ಉಳಿಯುತ್ತಿತ್ತು. ಈಗ ಕಾಂಕ್ರೀಟು. ಕಾಂಕ್ರೀಟು ಬೇಡ ಅಂತ ನಾನು ಹೇಳುತ್ತಿಲ್ಲ. ಮಣ್ಣಿನ ನಾಲೆಯಲ್ಲಿ ನೀರು ದಾರಿಯಲ್ಲೇ ಇಂಗಿ, ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ಬಾಯಿ ಬಾಯಿ ಬಿಡುವುದನ್ನು ನೋಡಿದ್ದೇವೆ. ಲೈನಿಂಗ್ ಆದರೆ ನೀರು ಮುಂದೆ ಹೋಗುತ್ತದೆ, ಬೇಗ ಹೋಗುತ್ತದೆ. ಒಳ್ಳೆಯದೇ. ಆದರೆ ನೀರು ಜಾರಲಿ ಅಂತ ನುಣ್ಣಗೆ ಮಾಡಿದ ಗೋಡೆಯ ಮೇಲೆ ಮನುಷ್ಯನೂ ಜಾರುತ್ತಾನೆ, ಕುರಿಯೂ ಜಾರುತ್ತದೆ. ಅದಕ್ಕೊಂದು ದಾರಿ ಇಡಬೇಕಿತ್ತು. ನಮ್ಮ ಸೇತುವೆಯಿಂದ ಮೇಲಕ್ಕೂ ಕೆಳಕ್ಕೂ ಆ ಮಧ್ಯಾಹ್ನ ಒದ್ದೆ ಪ್ಯಾಂಟಿನಲ್ಲೇ ನಡೆದು ನೋಡಿದೆ. ಕಣ್ಣಿಗೆ ಕಾಣುವಷ್ಟು ದೂರ ಒಂದೇ ಒಂದು ಮೆಟ್ಟಿಲಿಲ್ಲ. ‘ನೀರಿಗೆ ಇಳಿಯಬೇಡಿ’ ಅನ್ನುವ ಬೋರ್ಡ್ ಒಂದಿದೆ, ಅರ್ಧ ಅಕ್ಷರ ಅಳಿಸಿಹೋಗಿದೆ. ಬೋರ್ಡು ಕೈ ಹಿಡಿದು ಎಳೆಯುವುದಿಲ್ಲವಲ್ಲ.

‘ನಿಮ್ಮನ್ನು ಮೀನು ಹಿಡಿಯಲು ಯಾರು ಹೋಗು ಅಂದರು’ ಅಂತ ನನ್ನ ಹೆಂಡತಿ ಕೇಳಿದಳು. ಓದುಗರಲ್ಲೂ ಕೆಲವರು ಕೇಳುತ್ತೀರಿ. ಸರಿ, ನನ್ನದು ಶೋಕಿ, ಬಿಡಿ. ಆದರೆ ಅದೇ ನಾಲೆಗೆ ಬಟ್ಟೆ ತೊಳೆಯಲು ಹೆಣ್ಣುಮಕ್ಕಳು ಬರುತ್ತಾರೆ. ಅವರಿಗೆ ಅದು ಶೋಕಿಯಲ್ಲ. ಔಷಧಿ ಹೊಡೆಯುವ ಪಂಪಿಗೆ ನೀರು ತುಂಬಲು ಕೂಲಿಯವರು ಬರುತ್ತಾರೆ. ಎಮ್ಮೆ ಮೈ ತೊಳೆಯುವವರು, ಪಂಪ್‌ಸೆಟ್ಟಿನ ಪೈಪು ಇಳಿಸುವವರು, ಬೇಸಿಗೆಯಲ್ಲಿ ಸ್ಕೂಲಿಲ್ಲದ ಮಕ್ಕಳು, ಎಲ್ಲರೂ ಬರುತ್ತಾರೆ. ನಿಮ್ಮ ಜಿಲ್ಲಾ ಪುಟದ ಮೂಲೆಯಲ್ಲಿ ‘ಕಾಲುವೆಗೆ ಬಿದ್ದು ಸಾವು’ ಅಂತ ನಾಲ್ಕು ಸಾಲಿನ ಸುದ್ದಿ ಬರುತ್ತದಲ್ಲ, ಅದರಲ್ಲಿ ‘ಕಾಲು ಜಾರಿ’ ಅನ್ನುವ ಎರಡು ಪದ ಸಾಮಾನ್ಯವಾಗಿ ಇರುತ್ತವೆ. ಇಷ್ಟು ವರ್ಷ ಆ ಎರಡು ಪದವನ್ನು ಓದಿ ಪುಟ ತಿರುಗಿಸಿದ್ದೇನೆ.

ನಾಲೆಯನ್ನು ನೋಡಿಕೊಳ್ಳುವವರಲ್ಲಿ ನನ್ನ ಕೇಳಿಕೆ ದೊಡ್ಡದೇನಲ್ಲ. 227 ಕಿಲೋಮೀಟರಿಗೂ ಬೇಲಿ ಹಾಕಿ ಅನ್ನುತ್ತಿಲ್ಲ, ಆಗುವ ಮಾತೂ ಅಲ್ಲ. ಪ್ರತಿ ಸೇತುವೆಯ ಹತ್ತಿರ, ಊರು, ಕ್ಯಾಂಪುಗಳ ಪಕ್ಕ, ಎರಡೂ ದಂಡೆಗೆ ಮೆಟ್ಟಿಲು ಕಟ್ಟಿ. ಅದರ ನಡುವೆ ಅಲ್ಲಲ್ಲಿ ಕಾಂಕ್ರೀಟಿನಲ್ಲಿ ಕಬ್ಬಿಣದ ಬಳೆಗಳನ್ನಾದರೂ ಕೂರಿಸಿ, ನೀರು ಎಷ್ಟೇ ಇದ್ದರೂ ಒಂದು ಬಳೆ ಕೈಗೆ ಸಿಗುವ ಹಾಗೆ. ತೂಬಿಗೆ ಮುಂಚೆ ಅಡ್ಡಕ್ಕೆ ಒಂದು ಸರಪಳಿ, ಅದಕ್ಕೆ ನಾಲ್ಕು ಡ್ರಮ್ಮು. ಬಿದ್ದವನು ಅಲ್ಲಿಗಾದರೂ ಹೋಗಿ ನಿಲ್ಲುತ್ತಾನೆ. ಇದ್ಯಾವುದೂ ಈಗ ಆಗದಿದ್ದರೆ ಸೇತುವೆಗೊಂದು ಹಳೇ ಟೈರು, ಹಗ್ಗ ಕಟ್ಟಿಡಿ. ಟೈರು ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಹಗ್ಗ ಕಳುವಾಗುತ್ತದೆ ಅನ್ನುತ್ತೀರಾ? ಆಗಲಿ, ಇನ್ನೊಂದು ಕಟ್ಟೋಣ, ಅದಕ್ಕೆ ನಮ್ಮಂಥ ಗಾಳದವರೇ ದುಡ್ಡು ಹಾಕುತ್ತೇವೆ.

ಈಗಲೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇನ್ನು ಕೆಲವೇ ವಾರಕ್ಕೆ ಈ ಬೆಳೆಯ ನೀರು ನಿಲ್ಲುತ್ತದೆ. ನಾಲೆ ಒಣಗಿದಾಗ ಮಾತ್ರ ಈ ಕೆಲಸ ಆಗುವುದು. ಆಗ ಬಿಟ್ಟರೆ ಮುಂದಿನ ಬಿಡುವಿನವರೆಗೂ ಮಾತಿಲ್ಲ. ಟೆಂಡರು, ಅಂದಾಜು, ಮಂಜೂರಾತಿ ಅಂತ ತಿಂಗಳುಗಟ್ಟಲೆ ಬೇಕು ಅಂತೀರಿ, ಗೊತ್ತು. ಆದರೆ 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನು ತುಂಡಾದಾಗ ಇಡೀ ಜಿಲ್ಲೆ ನಿದ್ದೆಗೆಟ್ಟಿತ್ತು. ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಭರ್ರನೆ ಹರಿಯುತ್ತಿದ್ದ ನೀರಿನಲ್ಲೇ, ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಅಡ್ಡಹಲಗೆ ಇಳಿಸಿ ನೀರು ನಿಲ್ಲಿಸಿದರು. ಟಿವಿ ಮುಂದೆ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಹರಿಯುವ ನೀರಿನಲ್ಲಿ ಅಷ್ಟು ಭಾರದ ಉಕ್ಕಿನ ತುಂಡು ಕೂರಿಸಲು ಬರುವವರ ನಾಡಿನಲ್ಲಿ ಒಣಗಿದ ನಾಲೆಗೆ ಏಳೆಂಟು ಮೆಟ್ಟಿಲು ಕಟ್ಟಲು ಬರುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಹುಡುಗ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ರಾತ್ರಿ ವಿಡಿಯೋ ನೋಡುವುದನ್ನೂ ಬಿಟ್ಟಿದ್ದಾನೆ ಅಂತ ಅಕ್ಕ ಹೇಳಿದಳು. ನನ್ನ ಮೊಬೈಲು ನೀರು ಕುಡಿದು ಸತ್ತಿದೆ, ಶನಿವಾರದ ಗೆಂಡೆಯ ಫೋಟೋ ಅದರಲ್ಲೇ ಇತ್ತು. ಹೆಬ್ಬೆರಳಿನ ಊತ ಮಾತ್ರ ಇಳಿದಿದೆ.

ಕೊನೆಯದಾಗಿ, ಕಾರಟಗಿಯಿಂದ ಕೆಳಗೆ, ಸಿಂಧನೂರು ಕಡೆಯ ಓದುಗರಿಗೆ ಒಂದು ಮಾತು. ನಾಲೆಯಲ್ಲಿ ನೀಲಿ ರೀಲಿನ ಗಾಳದ ಕೋಲು, ಎಡಗಾಲಿನ ಒಂದು ಚಪ್ಪಲಿ ತೇಲಿ ಬಂದರೆ ಅವು ನನ್ನವು. ಚಪ್ಪಲಿ ಬಿಡಿ. ಕೋಲು ಸಿಕ್ಕವರು ಇಟ್ಟುಕೊಳ್ಳಿ, ರೀಲು ಸ್ವಲ್ಪ ಬಿಗಿ, ಎರಡು ಹನಿ ಎಣ್ಣೆ ಬಿಡಬೇಕು. ಆದರೆ ಅದನ್ನು ಹಿಡಿಯಲು ನೀರಿಗೆ ಇಳಿಯಬೇಡಿ, ದಂಡೆಯ ಮೇಲಿಂದಲೇ ಕೊಕ್ಕೆ ಹಾಕಿ ಎಳೆಯಿರಿ.

ಇಂತಿ,
ಗಾಳದ ಹುಚ್ಚಿನ ಒಬ್ಬ ಓದುಗ
ಗಂಗಾವತಿ, ಕೊಪ್ಪಳ ಜಿಲ್ಲೆ